ರಾಣಿ ಛಾಪಾಕ್ಕೆ ಮಾರ್ಕ್ಸ್ ಕಾರ್ಡ್

ಗೋಕಾಕದಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟು ಚಹಾ ಕುಡಿದು ಬಂದವರು ಯಾರಾದರೂ ಇದ್ದರೆ ಅವರಿಗೊಂದು ಶಾಲು ಹೊದಿಸಬೇಕು. ಮೂಡಲಗಿಯಲ್ಲಿ ಆ ಸಾಹಸವೇ ಬೇಡ. ಹುಕ್ಕೇರಿಯ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ಮುಂದೆ ತಿರುವಿ, "ಇದು ನಮ್ಮ ಕಡೆ ನಡಿಯಂಗಿಲ್ರಿ, ನೋಟ್ ಇದ್ರ ಕೊಡ್ರಿ" ಎಂದು ಬಹಳ ಮರ್ಯಾದೆಯಿಂದ ವಾಪಸು ಕೊಡುತ್ತಾನೆ. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಅಸಲಿ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಹೇಳಿದೆ. ಹೇಳಲಿ. ರಿಸರ್ವ್ ಬ್ಯಾಂಕು ಕೂತಿರುವುದು ಮುಂಬೈಯಲ್ಲಿ, ಗಲ್ಲಾದ ಮುಂದೆ ಕೂತವನು ಇಲ್ಲಿದ್ದಾನೆ.

ಇದೇ ಊರುಗಳಲ್ಲಿ ಇನ್ನೊಂದು ಪಂಗಡ ಇದೆ. ಸಂಖ್ಯೆಯಲ್ಲಿ ಕಡಿಮೆ, ಹುಚ್ಚಿನಲ್ಲಿ ಹೆಚ್ಚು. ಇವರ ತಿಜೋರಿ ತೆಗೆದರೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಡಬ್ಬಿಯೊಳಗೆ ಒಂದು ನಾಣ್ಯ, ನೆತ್ತಿಯ ಮೇಲೆ ಒಂದು ಚೀಟಿ, ಚೀಟಿಯಲ್ಲಿ ಒಂದು ಅಂಕ. ಆ ಅಂಕ ಹಾಕಿದವನನ್ನು ಇವರು ಕಂಡಿಲ್ಲ. ಅವನು ಅಮೆರಿಕದಲ್ಲಿದ್ದಾನೆ. ಡಬ್ಬಿಯನ್ನು ಒಡೆಯದೆ ತೆರೆಯಲಾಗದು, ಒಡೆದರೆ ಅಂಕ ಹೋಯಿತು. ಹೀಗಾಗಿ ಲಕ್ಷಾಂತರ ರೂಪಾಯಿ ಸುರಿದು ಕೊಂಡ ನಾಣ್ಯವನ್ನು ಇವರು ಮುಟ್ಟಿಯೂ ಇಲ್ಲ. ಅಶೋಕ ಸ್ತಂಭದ ಸಿಂಹಗಳನ್ನು ನಂಬದ ಊರಿನಲ್ಲಿ ಅಮೆರಿಕದ ಚೀಟಿ ನಡೆಯುತ್ತದೆ.

ಈ ಅಂಕಪದ್ಧತಿಯ ಮೂಲಪುರುಷರ ಪರಿಚಯ ಮಾಡಿಕೊಡದೆ ಮುಂದೆ ಹೋಗುವುದು ಅನ್ಯಾಯ. ವಿಲಿಯಂ ಶೆಲ್ಡನ್ ಅಮೆರಿಕದ ಮನಶ್ಶಾಸ್ತ್ರಜ್ಞ. ಮನುಷ್ಯರನ್ನು ದಪ್ಪನೆಯವರು, ಗಟ್ಟಿಮೈಯವರು, ಸಣಕಲರು ಎಂದು ಮೂರು ಬಗೆಯಾಗಿ ಬೇರ್ಪಡಿಸಿ, ಮೈಕಟ್ಟು ನೋಡಿಯೇ ಸ್ವಭಾವ ಹೇಳಲು ಹೊರಟಿದ್ದವರು. ಅದು ಸಾಲದೆ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಮೇಲೊಂದು ಪುಸ್ತಕ ಬರೆದು, ನಾಣ್ಯಗಳಿಗೂ 1ರಿಂದ 70ರವರೆಗೆ ಅಂಕ ಕೊಟ್ಟರು. ನೂರು ಬಿಟ್ಟು 70 ಯಾಕೆ? 1794ರ ದೊಡ್ಡ ಸೆಂಟು ಮುಖ ಮೂಗು ಕಾಣದಷ್ಟು ಸವೆದಿದ್ದರೆ ಎಷ್ಟು ಬೆಲೆಯೋ, ಅಚ್ಚಿನಿಂದ ಈಗಷ್ಟೇ ಬಿದ್ದಂತಿದ್ದರೆ ಅದರ 70 ಪಟ್ಟು ಎಂಬುದು ಅವರು ಕಂಡ ಅಂದಿನ ಪೇಟೆಯ ಲೆಕ್ಕ. ಕೆಲವೇ ವರ್ಷಗಳಲ್ಲಿ ಆ ಲೆಕ್ಕ ತಲೆಕೆಳಗಾಯಿತು, ಅಂಕ ಮಾತ್ರ ಉಳಿಯಿತು. ಇವತ್ತು ಭೂಮಿಯ ಮೇಲಿನ ಯಾವ ದೇಶದ ನಾಣ್ಯವಾದರೂ, ಅದು ಕಂಡೂ ಕೇಳರಿಯದ ಒಂದು ತಾಮ್ರದ ಸೆಂಟಿನ ಹಳೆಯ ಧಾರಣೆಯ ಮೇಲೆ ತನ್ನ ಯೋಗ್ಯತೆ ಸಾಬೀತು ಮಾಡಬೇಕು.

ಇನ್ನೊಂದು ವಿಷಯ. 1977ರಲ್ಲಿ ಶೆಲ್ಡನ್ ತೀರಿಕೊಂಡರು. ಆಮೇಲೆ ಎಷ್ಟೋ ವರ್ಷಕ್ಕೆ, ಅವರು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೊಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ಆ ಜಾಗದಲ್ಲಿ ತಮ್ಮ ಸವಕಲು ಸೆಂಟುಗಳನ್ನು ಇಟ್ಟಿದ್ದ ಸಂಗತಿ ಬಯಲಾಗಿ ಕೋರ್ಟು ಕಚೇರಿ ಆಯಿತು. ಯಾವುದು ಒಳ್ಳೆಯದು, ಯಾವುದು ಸವಕಲು ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಅಳತೆಗೋಲು ಹಿಡಿದು 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಎರಡು ಕಂಪನಿಗಳು ಅಂಗಡಿ ತೆರೆದವು. ಒಂದು ಕ್ಯಾಲಿಫೋರ್ನಿಯಾದಲ್ಲಿದೆ, ಇನ್ನೊಂದು ಈಗ ಫ್ಲೋರಿಡಾದಲ್ಲಿದೆ. 60ರಿಂದ 70ರವರೆಗಿನ ಹನ್ನೊಂದು ಅಂಕ ಚಲಾವಣೆಯನ್ನೇ ಕಾಣದ ನಾಣ್ಯಕ್ಕೆ ಮೀಸಲು. 64ಕ್ಕೂ 65ಕ್ಕೂ ನಡುವಿನ ವ್ಯತ್ಯಾಸ ಎಂದರೆ ವಿಕ್ಟೋರಿಯಾ ರಾಣಿಯ ಕೆನ್ನೆಯ ಮೇಲೆ ಚೀಲದಲ್ಲಿ ಪಕ್ಕದ ನಾಣ್ಯ ತಾಗಿದ ಒಂದು ಗೀರು. ಆ ಗೀರು ಬರಿಗಣ್ಣಿಗೆ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಒಂದು ಎಮ್ಮೆ ಬರುವಷ್ಟು ಅಂತರ ಕಾಣುತ್ತದೆ.

ಎಮ್ಮೆ ಎಂದ ಮೇಲೆ ಮೂಡಲಗಿಯ ದನದ ಸಂತೆಯನ್ನು ಬಿಡಲಾಗದು. ಅಲ್ಲಿಯೂ ಗ್ರೇಡಿಂಗ್ ನಡೆಯುತ್ತದೆ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಬಾಲ ಎತ್ತುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ದಲಾಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಮೋಸ ಇಲ್ಲವೇ? ಧಾರಾಳವಾಗಿ ಇದೆ. ಆದರೆ ಅಲ್ಲಿ ಮೋಸ ಹೋಗುವವನು ಕಣ್ಣು ಬಿಟ್ಟುಕೊಂಡೇ ಮೋಸ ಹೋಗುತ್ತಾನೆ. ಎಮ್ಮೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹಣೆಗೊಂದು ಸ್ಟಿಕರ್ ಹಚ್ಚಿ, "66 ಐತ್ರಿ, ಮುಟ್ಟಬ್ಯಾಡ್ರಿ, ಹಿಂಡಿದ್ರ ಗ್ರೇಡ್ ಹೋಕ್ಕತಿ" ಎಂದು ಯಾರಾದರೂ ಹೇಳಿದ್ದರೆ ಅವನನ್ನು ಸಂತೆಯಿಂದ ಜೀವಂತ ಬಿಡುತ್ತಿರಲಿಲ್ಲ.

ಅಂಕ ಹಾಕುವವನು ಯಾರು ಎಂಬ ಪ್ರಶ್ನೆ ಆ ತಾಲ್ಲೂಕಿಗೆ ಹೊಸದೇನಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕೂತರು. ಜಗಳದ ಬೇರಿನಲ್ಲಿ ಇದ್ದದ್ದು ರಿಕವರಿ, ಅಂದರೆ ಕಬ್ಬಿನಲ್ಲಿ ನೂರಕ್ಕೆ ಎಷ್ಟು ಸಕ್ಕರೆ ಎಂಬ ಅಂಕ. ಆ ಅಂಕ ತೆಗೆಯುವುದು ಕೊಳ್ಳುವವನ ಪ್ರಯೋಗಾಲಯ, ಬೆಳೆದವನು ಗೇಟಿನ ಹೊರಗೆ. ಅಲ್ಲಿ ಕೂತ ರೈತನ ಮಗನೊಬ್ಬ ನಾಣ್ಯ ಸಂಗ್ರಾಹಕನಾಗಿದ್ದರೆ, ಹಗಲು ಫ್ಯಾಕ್ಟರಿಯ ಅಂಕ ಸುಳ್ಳೆಂದು ಘೋಷಣೆ ಕೂಗಿ, ರಾತ್ರಿ ಫ್ಲೋರಿಡಾದ ಅಂಕ ವೇದವಾಕ್ಯ ಎಂದು ಮೊಬೈಲಿನಲ್ಲಿ ಹರಾಜು ಕೂಗುತ್ತಿದ್ದ. ಎರಡೂ ಕಡೆ ಗಂಟಲು ಅವನದೇ.

ಹವ್ಯಾಸದ ಸುಖ ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗೋಕಾಕ ಎಂದರೆ ನಾಡಿಗೆ ಗೊತ್ತಿರುವುದು ಘಟಪ್ರಭೆಯ ಜಲಪಾತ, ಕರದಂಟು, ಕಟ್ಟಿಗೆಯಲ್ಲಿ ಮಾಡಿದ ಬಣ್ಣದ ಹಣ್ಣುಗಳು, ಮತ್ತು ಗೋಕಾಕ ಚಳವಳಿ. ಕೊನೆಯದರಲ್ಲಿ ಊರಿನ ಪಾಲು ಹೆಸರಷ್ಟೇ, ಚಳವಳಿಗೆ ಆ ಹೆಸರು ಬರಲು ಕಾರಣರಾದ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ನಾಣ್ಯದವರಿಗೆ ಮಾತ್ರ ಐದನೆಯ ಸಂಗತಿಯೊಂದು ಗೊತ್ತು. 18ನೇ ಶತಮಾನದಲ್ಲಿ ಗೋಕಾಕ ಒಂದು ಟಂಕಸಾಲೆ. ಮೊಘಲ್ ಬಾದಶಹರ ಹೆಸರು ಹೊತ್ತ ಬೆಳ್ಳಿ ರೂಪಾಯಿಗಳು ಇಲ್ಲಿ ಅಚ್ಚಾದವು. ಮರಾಠರ ಕೈಗೆ ಬಂದ ಮೇಲೂ ಬಾದಶಹನ ಹೆಸರು ತೆಗೆಯಲಿಲ್ಲ. ಟಂಕಸಾಲೆಯ ಹೆಸರು ಪಾರ್ಸಿ ಲಿಪಿಯಲ್ಲಿ 'ಆಜಮ್‌ನಗರ ಗೋಕಾಕ'. ಆಜಮ್‌ನಗರ ಎಂದರೆ ಅಂದಿನ ಬೆಳಗಾವಿ.

ಕೈಯಿಂದ ಸುತ್ತಿಗೆ ಎತ್ತಿ ಹೊಡೆದ ನಾಣ್ಯಗಳಲ್ಲಿ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಸಣ್ಣದು. ಬಾದಶಹನ ಅರ್ಧ ಹೆಸರು ಬೀಳುತ್ತದೆ, ಇಸವಿಯ ಬಾಲ ಬೀಳುತ್ತದೆ, ಊರಿನ ಹೆಸರು ಅಂಚಿನಾಚೆ ಜಾರಿಹೋಗುತ್ತದೆ. ಇಂಥ ಹತ್ತಾರು ರೂಪಾಯಿಗಳನ್ನು ತಿರುವಿ, ಭೂತಗನ್ನಡಿ ಹಿಡಿದು, ಒಂದರ ಕೆಳಗೆ 'ಗೋಕಾಕ' ಎಂಬ ಅಕ್ಷರ ಇಡಿಯಾಗಿ ಬಿದ್ದಿರುವುದು ಕಂಡಾಗ ಆಗುವ ಖುಷಿಗೆ ಯಾವ ಕಂಪನಿಯೂ ಅಂಕ ಹಾಕಲಾರದು. ಸುತ್ತಿಗೆಯವನ ಕೈ ಆ ಹೊತ್ತು ಒಂದು ಎಳೆ ಆಚೆ ಹೋಗಿದ್ದರೆ ನಮ್ಮೂರು ಆ ರೂಪಾಯಿಯ ಮೇಲೆ ಇರುತ್ತಿರಲಿಲ್ಲ.

ಇಂಥ ಸುಖ ಇನ್ನೂ ಇವೆ. 1911ರ ಐದನೇ ಜಾರ್ಜ್ ರೂಪಾಯಿಯ ಕತೆ ಇದೆ. ರಾಜನ ನಿಲುವಂಗಿಯ ಮೇಲೆ ಕಡಲೆಕಾಳಿಗಿಂತ ಸಣ್ಣದೊಂದು ಆನೆ. ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗದ್ದಲ ಎದ್ದಿತು. ಸೂರ್ಯ ಮುಳುಗದ ಸಾಮ್ರಾಜ್ಯ 1912ರಲ್ಲಿ ತೆಪ್ಪಗೆ ಸೊಂಡಿಲು ಉದ್ದ ಮಾಡಿತು. ಹತ್ತು ರೂಪಾಯಿ ನಾಣ್ಯ ವಾಪಸು ಕೊಡುವ ನಮ್ಮ ಅಂಗಡಿಯವನ ಮುತ್ಯಾ ರಾಜನ ರೂಪಾಯಿಯನ್ನೇ ವಾಪಸು ಕೊಟ್ಟಿದ್ದ. ಮನೆತನದ ಗುಣ.

ಈಗ ದುಃಖಕ್ಕೆ ಬರೋಣ. ಗ್ರೇಡಿಂಗಿನ ಶಬ್ದಕೋಶದಲ್ಲಿ 'ಡೀಟೇಲ್ಸ್' ಎಂಬುದೊಂದು ಶಾಪವಿದೆ. ನಾಣ್ಯ ಅಸಲಿ, ಆದರೆ ಅದರ ಮೈಗೆ ಏನೋ ಆಗಿದೆ, ಆದ್ದರಿಂದ ಅಂಕ ಕೊಡುವುದಿಲ್ಲ ಎಂದು ಇದರ ಅರ್ಥ. ಏನಾಗಿದೆ ಎಂಬುದನ್ನೂ ಬರೆಯುತ್ತಾರೆ: 'ತೊಳೆದಿದೆ', 'ಕೊಂಡಿ ತೆಗೆದಿದೆ', 'ಗೀಚಿದೆ', 'ಬಾಗಿದೆ'. ಹುಕ್ಕೇರಿಯ ಒಂದು ಹಳೆಯ ಮನೆಯ ದೇವರ ಜಗಲಿಯಿಂದ ಒಂದು ರಾಣಿ ಛಾಪಾ, ಅಂದರೆ ವಿಕ್ಟೋರಿಯಾ ಮುಖದ ಬೆಳ್ಳಿ ರೂಪಾಯಿ, ಎತ್ತಿ ನೋಡಿ. ನೂರಿಪ್ಪತ್ತು ದೀಪಾವಳಿ ಕಂಡಿದೆ. ಪ್ರತಿ ಲಕ್ಷ್ಮೀಪೂಜೆಗೂ ಆಯಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಳೆ, ಹಾಲಲ್ಲಿ ತೊಳೆದಿದ್ದಾಳೆ, ಅರಿಷಿಣ ಕುಂಕುಮ ಏರಿಸಿದ್ದಾಳೆ. ಹುಣಸೆಹಣ್ಣು ಸಾಲದೆಂದು ಸೊಸೆ ಪಾತ್ರೆ ತಿಕ್ಕುವ ಪುಡಿಯನ್ನೂ ಹಾಕಿದ್ದಾಳೆ. ರೂಪಾಯಿ ಫಳಫಳ ಹೊಳೆಯುತ್ತದೆ. ಮನೆಯವರ ಲೆಕ್ಕದಲ್ಲಿ ಅದಕ್ಕೆ ನೂರಕ್ಕೆ ನೂರು. ಫ್ಲೋರಿಡಾದ ಲೆಕ್ಕದಲ್ಲಿ 'ಒರಟಾಗಿ ತೊಳೆದಿದೆ', ಡೀಟೇಲ್ಸ್, ನಪಾಸು.

ಅಜ್ಜಿಯ ಕೊರಳ ರೂಪಾಯಿ ಸರದಿಂದ ಬಿಚ್ಚಿದ್ದೋ? ಕೊಂಡಿ ಬೆಸೆದ ಗುರುತು ಅಂಚಿನಲ್ಲಿದೆ, ನಪಾಸು. ಸಂತೆಯಲ್ಲಿ ಸರಾಫ ಬೆಳ್ಳಿ ಖರೆಯೋ ಖೊಟ್ಟಿಯೋ ನೋಡಲು ಸಣ್ಣ ಉಳಿ ತಾಗಿಸಿದ್ದೋ? 'ಟೆಸ್ಟ್ ಮಾರ್ಕ್', ನಪಾಸು. ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಉಳಿಯ ಗುರುತು ಆ ಕಾಲದ ಗ್ರೇಡಿಂಗ್. ಸರಾಫ ರೂಪಾಯಿಯನ್ನು ಕಲ್ಲಿನ ಮೇಲೆ ಕುಣಿಸಿ ದನಿ ಕೇಳುತ್ತಿದ್ದ, ಹೆಬ್ಬೆರಳಲ್ಲಿ ಸವೆತ ಹಿಡಿಯುತ್ತಿದ್ದ, ಅನುಮಾನ ಬಂದರೆ ಉಳಿ ಇಡುತ್ತಿದ್ದ, ಬಟ್ಟಾ ಮುರಿದುಕೊಂಡು ಅಲ್ಲೇ ದುಡ್ಡು ಎಣಿಸುತ್ತಿದ್ದ. ಕೊರಿಯರ್ ಇಲ್ಲ, ಡಾಲರ್ ಇಲ್ಲ, ತಿಂಗಳುಗಟ್ಟಲೆ ಕಾಯುವುದಿಲ್ಲ. ಹಳೆಯ ಪರೀಕ್ಷಕನ ಸಹಿಯನ್ನು ಹೊಸ ಪರೀಕ್ಷಕ ಗಾಯ ಎಂದು ಬರೆದುಕೊಳ್ಳುತ್ತಾನೆ.

ಆದಿಲ್‌ಶಾಹಿಯ ಲಾರಿನ್ ಪಾಡಂತೂ ಹೇಳತೀರದು. ಹುಕ್ಕೇರಿಯಲ್ಲಿ ಗುಮ್ಮಟ ಕಟ್ಟಿಸಿದ ಅದೇ ಬಿಜಾಪುರದ ಆಳ್ವಿಕೆಯಲ್ಲಿ, 17ನೇ ಶತಮಾನದಲ್ಲಿ, ಕೊಂಕಣ ಕರಾವಳಿಯ ವ್ಯಾಪಾರಕ್ಕೆಂದು ಬೆಳ್ಳಿಯ ತಂತಿಯನ್ನು ಎರಡಾಗಿ ಮಡಿಸಿ, ಚಪ್ಪಟೆ ಮಾಡಿ, ಮೇಲೆ ಅಚ್ಚು ಒತ್ತಿ ನಾಣ್ಯ ಮಾಡುತ್ತಿದ್ದರು. ನೋಡಿದರೆ ಹೆಣ್ಣುಮಕ್ಕಳ ತಲೆಪಿನ್ನು. 'ಬಾಗಿದೆ' ಎಂಬ ಕಾರಣಕ್ಕೆ ನಾಣ್ಯ ನಪಾಸಾಗುವ ಲೋಕದಲ್ಲಿ, ಬಾಗಿಯೇ ಹುಟ್ಟಿದ ನಾಣ್ಯ ಯಾವ ಮುಖ ಇಟ್ಟುಕೊಂಡು ಪರೀಕ್ಷೆಗೆ ಕೂರಬೇಕು?

ಹಾಗಾದರೆ 70ಕ್ಕೆ 70 ಯಾರಿಗೆ? ಟಂಕಸಾಲೆಯಿಂದ ಹೊರಬಿದ್ದು, ಯಾರ ಕೈಯನ್ನೂ ಸೋಕದೆ, ಒಂದು ಬಾಳೆಹಣ್ಣು ಕೊಳ್ಳದೆ, ಜಾತ್ರೆಯಲ್ಲಿ ಕಳೆದುಹೋಗದೆ, ಆರತಿ ತಟ್ಟೆಗೆ ಬೀಳದೆ, ನೇರವಾಗಿ ಪ್ಲಾಸ್ಟಿಕ್ಕಿನೊಳಗೆ ಮಲಗಿದ ನಾಣ್ಯಕ್ಕೆ. ದುಡ್ಡಾಗಿ ಹುಟ್ಟಿ ದುಡ್ಡಿನ ಒಂದು ಕೆಲಸವನ್ನೂ ಮಾಡದಿರುವುದೇ ಇಲ್ಲಿ ಪ್ರಥಮ ದರ್ಜೆ. ಸರ್ಕಾರಿ ನೌಕರಿಯಲ್ಲಿ ಇಂಥ ಸೇವಾ ದಾಖಲೆಗೆ ಏನು ಸಿಗುತ್ತದೆ ಎಂದು ನಾನು ಹೇಳುವುದಿಲ್ಲ, ನೌಕರಿ ಮಾಡುವ ಓದುಗರೂ ಇದ್ದಾರೆ.

ಡಬ್ಬಿಯ ಪರವಾಗಿಯೂ ಒಂದು ಮಾತು ಹೇಳಬೇಕು. 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ಅಪರೂಪದ್ದು. 1940ರಿಂದ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಆದ್ದರಿಂದ ಪೇಟೆಯಲ್ಲಿ ಅಸಲಿ 39ಕ್ಕಿಂತ ಕೈಯಲ್ಲಿ ತಿದ್ದಿ ಮಾಡಿದ 39 ಹೆಚ್ಚು. ಇಂಥ ಕಡೆ ಬಲ್ಲವನೊಬ್ಬ ನೋಡಿ 'ಖರೆ ಐತಿ' ಎಂದು ಮುದ್ರೆ ಒತ್ತಿದರೆ ಕೊಳ್ಳುವವನ ನಿದ್ದೆ ಉಳಿಯುತ್ತದೆ. ಅಷ್ಟಕ್ಕೇ ನಿಂತಿದ್ದರೆ ಈ ಅಂಕಣ ಬರೆಯುವ ಕೆಲಸ ನನಗಿರಲಿಲ್ಲ. ಆಮೇಲೆ ಡಬ್ಬಿಯನ್ನೇ ಖೊಟ್ಟಿ ಮಾಡುವವರು ಬಂದರು. ಖೊಟ್ಟಿ ಡಬ್ಬಿ, ಖೊಟ್ಟಿ ಚೀಟಿ, ಒಳಗೆ ಖೊಟ್ಟಿ ನಾಣ್ಯ. ಈಗ ನಾಣ್ಯ ನೋಡುವ ಮೊದಲು ಡಬ್ಬಿ ಅಸಲಿಯೇ ಎಂದು ಭೂತಗನ್ನಡಿ ಹಿಡಿಯಬೇಕು.

ಅಂಕ ಒಪ್ಪಿಗೆಯಾಗದವರಿಗೆ ಮರುಮೌಲ್ಯಮಾಪನ ಇದೆ. 64 ಬಂದಿತೇ? ಡಬ್ಬಿ ಒಡೆಯಿರಿ, ಮತ್ತೆ ಫೀ ಕಟ್ಟಿ, ಮತ್ತೆ ಕಳಿಸಿ. 65 ಬರಬಹುದು. ಅದೇ ನಾಣ್ಯ, ಅದೇ ಗೀರು. ಅದೇ ಕಂಪನಿಯೂ ಆಗಿರಬಹುದು, ಪರೀಕ್ಷಕ ಬೆಳಗಿನ ಚಹಾ ಕುಡಿದಿದ್ದ ಅಷ್ಟೇ. ಇದನ್ನು ಕಂಡು ಅಮೆರಿಕದಲ್ಲಿ 2007ರಲ್ಲಿ ಸಿಎಸಿ ಎಂಬ ಇನ್ನೊಂದು ಕಂಪನಿ ಹುಟ್ಟಿತು. ಇವರ ಕೆಲಸ ಅಂಕಕ್ಕೆ ಅಂಕ ಹಾಕುವುದು. ಕೊಟ್ಟ ಅಂಕ ಗಟ್ಟಿ ಎನಿಸಿದರೆ ಡಬ್ಬಿಯ ಮೇಲೆ ಹಸಿರು ಚುಕ್ಕೆ, ಕೊಟ್ಟದ್ದು ಕಡಿಮೆಯಾಯಿತು ಎನಿಸಿದರೆ ಬಂಗಾರದ ಚುಕ್ಕೆ. ಸ್ಥಾಪಿಸಿದವರು ಹಿಂದೆ ಎನ್‌ಜಿಸಿ ಕಟ್ಟಿದವರಲ್ಲೇ ಒಬ್ಬರು. ಬೀಗ ಮಾರಿದವರೇ ಬೀಗ ಗಟ್ಟಿ ಇದೆಯೇ ಎಂದು ನೋಡಿಕೊಡುವ ಅಂಗಡಿಯನ್ನೂ ಇಟ್ಟರು. ಚುಕ್ಕೆಯ ಮೇಲೊಂದು ಬೊಟ್ಟು ಇಡುವವರಿಗಾಗಿ ಜಗತ್ತು ಕಾಯುತ್ತಿದೆ.

ಇಷ್ಟೆಲ್ಲ ಒಪ್ಪಿ, ಸರಿ ಕಳಿಸಿಯೇ ಬಿಡೋಣ ಎಂದು ಹೊರಟರೆ ಭಾರತ ಸರ್ಕಾರ ಅಡ್ಡ ನಿಂತಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ತೊಂಬತ್ತೊಂಬತ್ತರ ಪ್ರಾಯದ ರೂಪಾಯಿ ವಿಮಾನ ಹತ್ತಬಹುದು, ಶತಾಯುಷಿ ಹತ್ತುವಂತಿಲ್ಲ. ಕಾಯ್ದೆಯ ಉದ್ದೇಶ ಒಳ್ಳೆಯದು, ಆಕ್ಷೇಪವಿಲ್ಲ. ಆದರೆ ನಮ್ಮ ಆಜಮ್‌ನಗರ ಗೋಕಾಕದ ರೂಪಾಯಿಗೆ ಅದು ತಂದಿಟ್ಟ ಗತಿ ನೋಡಿ. ಹಿಂದೆ ಯಾವನೋ ಇಂಗ್ಲಿಷ್ ಸಾಹೇಬ ಜೇಬಿಗೆ ಹಾಕಿಕೊಂಡು ಹಡಗು ಹತ್ತಿಸಿದ್ದ ಗೋಕಾಕದ ರೂಪಾಯಿಗೆ ಇವತ್ತು ಅಂಕ ಸಿಗುತ್ತದೆ, ಚೀಟಿ ಸಿಗುತ್ತದೆ, ಹರಾಜಿನಲ್ಲಿ ಮಾನ ಸಿಗುತ್ತದೆ. ಊರಲ್ಲೇ ಗಡಿಗೆಯಲ್ಲಿ ಉಳಿದ ಅದರ ತಮ್ಮನಿಗೆ ಆ ಬಾಗಿಲೇ ಇಲ್ಲ. ದೇಶದೊಳಗೇ ಡಬ್ಬಿಗೆ ಹಾಕಿಕೊಡುವವರು ಈಗ ಇದ್ದಾರೆ. ಆದರೆ ದೇಶಿ ಡಬ್ಬಿ ತೋರಿಸಿದರೆ ನಮ್ಮ ಸಂಗ್ರಾಹಕ ಮೂಗು ಮುರಿಯುತ್ತಾನೆ. ಅವನಿಗೆ ಫಾರಿನ್ ಡಬ್ಬಿಯೇ ಬೇಕು.

ಡಬ್ಬಿಯ ಶ್ರೀಮಂತರ ಕತೆ ಇದಾಯಿತು. ಬಡ ಸಂಗ್ರಾಹಕನಿಗೆ ವಾಟ್ಸಾಪ್ ಇದೆ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಹತ್ತು ಲಕ್ಷ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಐದು ಲಕ್ಷ, ಈ ನಂಬರಿಗೆ ಫೋನ್ ಮಾಡಿ. ಫೋನ್ ಮಾಡಿದರೆ ರಿಸರ್ವ್ ಬ್ಯಾಂಕಿನ 'ಸಾಹೇಬರು' ಮಾತಾಡುತ್ತಾರೆ, ನೋಂದಣಿ ಶುಲ್ಕ ಕೇಳುತ್ತಾರೆ, ಆಮೇಲೆ ಜಿಎಸ್‌ಟಿ ಕೇಳುತ್ತಾರೆ. ನಾವು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ಕೇಳುವವರನ್ನು ನಂಬಬೇಡಿ ಎಂದು ಅಸಲಿ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಪಾಪ, ಆ ಬ್ಯಾಂಕಿನ ಯೋಗವೇ ಅದು. ನಿಜ ಹೇಳಿದರೆ ಚಹಾದ ಅಂಗಡಿಯವನೂ ನಂಬುವುದಿಲ್ಲ, ಅದರ ಹೆಸರಲ್ಲಿ ಸುಳ್ಳು ಹೇಳಿದರೆ ಊರೇ ದುಡ್ಡು ಕಟ್ಟುತ್ತದೆ.

ಮನೆಯೊಳಗಿನ ಕಷ್ಟ ಬೇರೆ. ಸಂಗ್ರಾಹಕನ ಹೆಂಡತಿಗೆ ಡಬ್ಬಿಯ ಅಂಕ ಅರ್ಥವಾಗುವುದಿಲ್ಲ ಎಂದು ತಿಳಿಯಬೇಡಿ. ಆಕೆಗೆ ಗಂಡನಿಗಿಂತ ಚೆನ್ನಾಗಿ ಅರ್ಥವಾಗಿದೆ. "ಅಷ್ಟ್ ರೊಕ್ಕಾ ಕೊಟ್ಟ್ ತಂದದ್ದನ್ನ ಮೈಮ್ಯಾಲ ಹಾಕ್ಕೊಳ್ಳಾಕ ಬರಂಗಿಲ್ಲ, ಅಂಗಡಿಯಾಗ ಕೊಡಾಕ ಬರಂಗಿಲ್ಲ, ದೇವರ ಮುಂದ ಇಡಾಕ ಬರಂಗಿಲ್ಲ. ಮತ್ತ್ಯಾಕ ತಂದ್ರಿ?" ಈ ಪ್ರಶ್ನೆಗೆ ಜಗತ್ತಿನ ನಾಣ್ಯಶಾಸ್ತ್ರ ಇನ್ನೂ ಉತ್ತರ ಹುಡುಕುತ್ತಿದೆ. ಸಂಗ್ರಾಹಕ 'ಇನ್ವೆಸ್ಟ್‌ಮೆಂಟ್' ಎನ್ನುತ್ತಾನೆ. ಆಕೆ ತನ್ನ ಪಾಟ್ಲಿ ತಿರುವಿ ತೋರಿಸಿ ಒಳಗೆ ಹೋಗುತ್ತಾಳೆ.

2025ರ ಡಿಸೆಂಬರಿನಲ್ಲಿ ಬೆಳ್ಳಿ ಕಿಲೋಗೆ ಎರಡು ಲಕ್ಷ ದಾಟಿದಾಗ ಈ ಸಂವಾದ ಇನ್ನಷ್ಟು ಬಿಸಿಯಾಯಿತು. ರಾಣಿ ಛಾಪಾ ರೂಪಾಯಿ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಆಗಿನ ಧಾರಣೆಯಲ್ಲಿ ಕರಗಿಸಿದರೂ ಒಂದಕ್ಕೆ ಎರಡು ಸಾವಿರದ ಆಸುಪಾಸು ಆಗುತ್ತಿತ್ತು. ಒಂದು ಕಾಲಕ್ಕೆ ಇದೇ ರೂಪಾಯಿ ಬೇರೆಯದನ್ನು ಅಳೆಯುತ್ತಿತ್ತು. ಒಂದು ತೊಲೆ ಎಂದರೆ ಒಂದು ರೂಪಾಯಿ ತೂಕ, ಒಂದು ಸೇರು ಎಂದರೆ 80 ರೂಪಾಯಿ ತೂಕ. ಬಂಗಾರ, ಬೆಲ್ಲ, ಸಂಕೇಶ್ವರದ ಮೆಣಸಿನಕಾಯಿ ಎಲ್ಲವೂ ಅದರ ಎದುರು ತಕ್ಕಡಿಯಲ್ಲಿ ಕೂತು ತಮ್ಮ ಯೋಗ್ಯತೆ ಹೇಳಿಕೊಳ್ಳಬೇಕಿತ್ತು.

ಹೀಗೆ ಬೆಳ್ಳಿ ಏರಿದ ವಾರದಲ್ಲಿ ಸಂಗ್ರಾಹಕರೊಬ್ಬರು, ಹರಾಜಿನಲ್ಲಿ ಸೋತ ದುಃಖಕ್ಕೋ, ಕಿರಾಣಿ ಬಾಕಿಯ ಒತ್ತಾಯಕ್ಕೋ, ತಮ್ಮ 63 ಅಂಕದ ರಾಣಿಯನ್ನು ಡಬ್ಬಿಸಮೇತ ಪೇಟೆಯ ಸರಾಫನ ಮುಂದಿಟ್ಟರು. ಚೀಟಿ ತೋರಿಸಿದರು, ಅಂಕ ತೋರಿಸಿದರು, ಮೊಬೈಲ್ ತೆಗೆದು ಕಂಪನಿಯ ದಾಖಲೆಯಲ್ಲಿ ಅದೇ ನಾಣ್ಯದ ಫೋಟೋ ತೋರಿಸಿದರು. ಸರಾಫ ಕನ್ನಡಕ ಏರಿಸಿ ಎಲ್ಲವನ್ನೂ ಸಮಾಧಾನವಾಗಿ ನೋಡಿದ. ಆಮೇಲೆ ಗಲ್ಲಾದ ಕೆಳಗಿನಿಂದ ಸಣ್ಣ ಸುತ್ತಿಗೆ ತೆಗೆದು ಮೇಜಿನ ಮೇಲಿಟ್ಟ.

"ಎಲ್ಲಾ ಬರೋಬ್ಬರಿ ಐತ್ರಿ ಸಾವಕಾರ್ರ. ಮದಲ ಈ ಡಬ್ಬಿ ಒಡೀರಿ, ತೂಕಾ ಮಾಡೂನು."